ಕೀಲಿ ಯಾರ ಕೈಯಲ್ಲಿ?

ಮೈಸೂರಿನ ಮೇಟಗಳ್ಳಿ ಕಡೆ ನೋಟ್ ಮುದ್ರಣ್ ನಗರ ಎಂಬ ಜಾಗವಿದೆ. ಎತ್ತರದ ಗೋಡೆ, ಸಶಸ್ತ್ರ ಕಾವಲು. ಒಳಗಿರುವುದು 1995ರಲ್ಲಿ ಸ್ಥಾಪನೆಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಕಂಪನಿಯ ಮುದ್ರಣಾಲಯ. ಈ ಕಂಪನಿಯ ಇನ್ನೊಂದು ಮುದ್ರಣಾಲಯ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿದೆ. ಎರಡು ಪಾಳಿಯಲ್ಲಿ ಕೆಲಸ ನಡೆದರೆ ಎರಡೂ ಸೇರಿ ವರ್ಷಕ್ಕೆ 1,600 ಕೋಟಿ ನೋಟುಗಳನ್ನು ಅಚ್ಚು ಹಾಕಬಲ್ಲವು. ನೋಟಿನ ಕಾಗದಕ್ಕೂ ಬಹಳ ದೂರ ಹೋಗಬೇಕಿಲ್ಲ. 2010ರಲ್ಲಿ ಹುಟ್ಟಿದ ಬ್ಯಾಂಕ್ ನೋಟ್ ಪೇಪರ್ ಮಿಲ್ ಕೂಡ ಮೈಸೂರಿನಲ್ಲೇ ಇದೆ. 2022ರ ಮಾರ್ಚ್‌ನಲ್ಲಿ ಶಾಯಿ ತಯಾರಿಸುವ 'ವರ್ಣಿಕಾ' ಘಟಕವೂ ಸೇರಿಕೊಂಡಿತು. ಅದರ ಸಾಮರ್ಥ್ಯ ವರ್ಷಕ್ಕೆ 1,500 ಟನ್. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಿನಲ್ಲಿ ಆಗುವುದು ನಮ್ಮ ದೇಶದಲ್ಲಿ ಅಪರೂಪ.

ಇಷ್ಟು ದೊಡ್ಡ ಉದ್ಯಮ ದುಡಿಯುತ್ತಿರುವುದು ಒಂದೇ ಉದ್ದೇಶಕ್ಕೆ: ಬೇರೆಯವರು ನಕಲು ಮಾಡಲಾಗದ ಕಾಗದವನ್ನು ಮಾಡುವುದಕ್ಕೆ. ನೀರುಗುರುತು, ಹುದುಗಿಸಿದ ದಾರ, ಕೋನ ಬದಲಿಸಿದಾಗ ಹಸಿರಿನಿಂದ ನೀಲಿಗೆ ತಿರುಗುವ ಶಾಯಿ, ಬೆರಳಿಗೆ ತಾಗುವ ಉಬ್ಬು ಗೆರೆ, ಇವೆಲ್ಲವೂ ಒಂದೇ ಪ್ರಶ್ನೆಗೆ ಉತ್ತರಗಳು. ನನ್ನ ಕೈಗೆ ಬಂದ ಈ ಹಣ ನಿಜವಾದದ್ದೇ?

ಮೈಸೂರು ಸೀಮೆಯಲ್ಲಿ ಈ ಪ್ರಶ್ನೆ ಹಳೆಯದು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ತೆರೆದು ಕಂಠೀರಾಯಿ ಹಣ ಹೊರಡಿಸಿದರು. ಅದು ಬೇಳೆಕಾಳಿನಷ್ಟು ಪುಟ್ಟ ಚಿನ್ನದ ನಾಣ್ಯ. ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಆದರೆ ಆ ವರಹ ಎಂಬ ನಾಣ್ಯವನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ; ಅದು ಕಡತದ ಲೆಕ್ಕದಲ್ಲಿ ಮಾತ್ರ ಇತ್ತು. ಕಂದಾಯ, ಸಾಲ, ಸಂಬಳ ಎಲ್ಲವನ್ನೂ ಇಲ್ಲದ ವರಹದಲ್ಲಿ ಬರೆದು, ಇರುವ ಹಣದಲ್ಲಿ ತೀರಿಸುತ್ತಿದ್ದರು. ಮುಟ್ಟಲು ಸಿಗದ ಹಣ ಕಂಪ್ಯೂಟರಿನ ಕಾಲದ ಸೃಷ್ಟಿ ಎಂದು ತಿಳಿದವರಿಗೆ ಇದನ್ನು ನೆನಪಿಸಬೇಕು. ಹಣ ಎಂದರೆ ಮೊದಲಿನಿಂದಲೂ ಒಂದು ಲೆಕ್ಕ. ಆ ಲೆಕ್ಕವನ್ನು ಯಾರು ಬರೆಯುತ್ತಾರೆ, ಬರೆದದ್ದನ್ನು ಯಾರೂ ತಿದ್ದದಂತೆ ಯಾರು ಕಾಯುತ್ತಾರೆ ಎನ್ನುವುದಷ್ಟೇ ಕಾಲಕಾಲಕ್ಕೆ ಬದಲಾಗಿದೆ.

ಕ್ರಿಪ್ಟೋಕರೆನ್ಸಿಯನ್ನು ಅರ್ಥಮಾಡಿಕೊಳ್ಳಲು ಇದೇ ಸರಿಯಾದ ಬಾಗಿಲು. ಕಾಗದವನ್ನು ನಕಲು ಮಾಡುವುದು ಕಷ್ಟ. ಕಂಪ್ಯೂಟರಿನ ಫೈಲನ್ನು ನಕಲು ಮಾಡುವುದು ಮಗುವಿಗೂ ಸುಲಭ. ಹಾಗಾದರೆ ಫೈಲಿನ ರೂಪದ ಹಣವನ್ನು ಒಬ್ಬ ಇಬ್ಬರಿಗೆ ಕೊಟ್ಟುಬಿಟ್ಟರೆ? ಬ್ಯಾಂಕು, ಯುಪಿಐಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅಲ್ಲಿ ಲೆಕ್ಕ ಬರೆಯುವವರು ಇದ್ದಾರೆ. ಹೂ ಕೊಂಡಾಗ ನನ್ನ ಖಾತೆಯಿಂದ 30 ರೂಪಾಯಿ ಕಳೆದು ಹೂವಿನವರ ಖಾತೆಗೆ ಕೂಡಿಸುವುದು ಬ್ಯಾಂಕಿನ ಹೊಣೆ. ಹೀಗೆ ನಡುವೆ ನಿಂತು ಲೆಕ್ಕ ಬರೆಯುವವರೇ ಇಲ್ಲದೆ ಇದನ್ನು ಸಾಧಿಸಬಹುದೇ ಎಂಬುದು ಗಣಿತಜ್ಞರನ್ನು ದಶಕಗಳ ಕಾಲ ಕಾಡಿತ್ತು. 2008ರ ಅಕ್ಟೋಬರ್ 31ರಂದು ಸತೋಶಿ ನಕಮೋಟೊ ಎಂಬ ಹೆಸರಿನಲ್ಲಿ ಯಾರೋ ಇದಕ್ಕೆ ಉತ್ತರವಾಗಿ ಬಿಟ್‌ಕಾಯಿನ್ ಎಂಬ ವ್ಯವಸ್ಥೆಯನ್ನು ವಿವರಿಸುವ ಒಂಬತ್ತು ಪುಟದ ಪ್ರಬಂಧವೊಂದನ್ನು ಹಂಚಿದರು. 2009ರ ಜನವರಿ 3ರಂದು ಬಿಟ್‌ಕಾಯಿನ್‌ನ ಲೆಕ್ಕದ ಪುಸ್ತಕದ ಮೊದಲ ಪುಟ ಬರೆಯಲಾಯಿತು.

ಊರಿನ ಶಾನುಭೋಗರ ಕಿರ್ದಿ ಪುಸ್ತಕವನ್ನು ಕಲ್ಪಿಸಿಕೊಳ್ಳಿ. ಅದರ ಒಂದೊಂದು ಪ್ರತಿ ಊರಿನ ಪ್ರತಿ ಮನೆಯಲ್ಲೂ ಇದೆ. ಹೊಸ ಪುಟ ಬರೆದಾಗಲೆಲ್ಲ ಎಲ್ಲ ಮನೆಯ ಪ್ರತಿಯಲ್ಲೂ ಅದು ಸೇರಬೇಕು. ಒಬ್ಬ ತನ್ನ ಪ್ರತಿಯನ್ನು ತಿದ್ದಿಕೊಂಡರೂ ಉಳಿದ ಪ್ರತಿಗಳು ಅವನ ಸುಳ್ಳನ್ನು ಹೇಳಿಬಿಡುತ್ತವೆ. ಆ ಪುಸ್ತಕವೇ ಬ್ಲಾಕ್‌ಚೈನ್, ಪುಟವೇ ಬ್ಲಾಕ್. ಹಾಗಾದರೆ ಮುಂದಿನ ಪುಟವನ್ನು ಯಾರು ಬರೆಯಬೇಕು? ಹಳೆಯ ಪುಟಗಳು ಒಂದಕ್ಕೊಂದು ಬೆಸೆದುಕೊಂಡಿರುವುದು ಹೇಗೆ? ನಕಮೋಟೊ ಅವರ ನಿಜವಾದ ಜಾಣ್ಮೆ ಈ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರದಲ್ಲಿದೆ.

ಬೆಸುಗೆಯ ಕೆಲಸ ಮಾಡುವುದು ಹ್ಯಾಶ್ ಎಂಬ ಗಣಿತದ ಕ್ರಿಯೆ. ಬಿಟ್‌ಕಾಯಿನ್ ಬಳಸುವ ಹ್ಯಾಶಿನ ಹೆಸರು ಎಸ್‌ಎಚ್‌ಎ-256. ಇದಕ್ಕೆ ಒಂದು ಪದ ಕೊಡಿ, ಒಂದು ಇಡೀ ಗ್ರಂಥ ಕೊಡಿ, ಯಾವಾಗಲೂ 64 ಅಂಕಿ-ಅಕ್ಷರಗಳ ಒಂದು ಸಾಲು ಹೊರಬರುತ್ತದೆ. ಇಂಗ್ಲಿಷಿನ 'ಹಲೋ' ಪದವನ್ನು ಪೂರ್ತಿ ಸಣ್ಣಕ್ಷರದಲ್ಲಿ ಬರೆದು ಕೊಟ್ಟರೆ ಬರುವ ಸಾಲಿನ ಮೊದಲ ಐದು ಗುರುತುಗಳು 2, ಸಿ, ಎಫ್, 2, 4. ಮೊದಲ ಅಕ್ಷರ ಒಂದನ್ನು ಮಾತ್ರ ದೊಡ್ಡದು ಮಾಡಿ ಕೊಟ್ಟರೆ 1, 8, 5, ಎಫ್, 8. ಉಳಿದ ಐವತ್ತೊಂಬತ್ತೂ ಹೀಗೆಯೇ ಗುರುತು ಸಿಗದಷ್ಟು ಬದಲಾಗಿರುತ್ತವೆ. ಯಾವ ಕಂಪ್ಯೂಟರಿನಲ್ಲಿ, ಯಾವ ಊರಿನಲ್ಲಿ ಮಾಡಿ ನೋಡಿದರೂ ಉತ್ತರ ಇದೇ. ಆದರೆ ಈ ಸಾಲನ್ನು ಕೊಟ್ಟು, ಇದು ಯಾವ ಪದದಿಂದ ಬಂತು ಎಂದು ಹಿಮ್ಮುಖವಾಗಿ ಲೆಕ್ಕ ಹಾಕುವ ದಾರಿ ಯಾರಿಗೂ ಗೊತ್ತಿಲ್ಲ. ಸಾಧ್ಯವಿರುವ ಸಾಲುಗಳ ಒಟ್ಟು ಸಂಖ್ಯೆಯನ್ನು ಬರೆಯಲು 78 ಅಂಕಿ ಬೇಕು.

ಪ್ರತಿ ಪುಟದ ತಲೆಯಲ್ಲಿ ಅದರ ಹಿಂದಿನ ಪುಟದ ಹ್ಯಾಶ್ ಇರುತ್ತದೆ. ಎಂದೋ ಬರೆದ ಪುಟದಲ್ಲಿ ಒಂದು ಸೊನ್ನೆ ತಿದ್ದಿದರೂ ಅದರ ಹ್ಯಾಶ್ ಬದಲಾಗುತ್ತದೆ. ಆಗ ಮುಂದಿನ ಪುಟ ಹೊಂದುವುದಿಲ್ಲ, ಅದರ ಮುಂದಿನದೂ ಹೊಂದುವುದಿಲ್ಲ. ಹೊಸ ಪುಟ ಬರೆಯುವ ಹಕ್ಕಿಗೆ ಒಂದು ಪಂದ್ಯವಿದೆ. ಪುಟದ ಕೊನೆಗೆ ಮನಸ್ಸಿಗೆ ಬಂದ ಸಂಖ್ಯೆ ಸೇರಿಸುತ್ತ ಹ್ಯಾಶ್ ಮಾಡಬೇಕು. ಉತ್ತರದ ಆರಂಭದಲ್ಲಿ ನಿಗದಿಪಡಿಸಿದಷ್ಟು ಸೊನ್ನೆಗಳು ಬರುವವರೆಗೂ ಬಿಡುವಂತಿಲ್ಲ. ಈಗ ಹತ್ತೊಂಬತ್ತರ ಆಸುಪಾಸು ಸೊನ್ನೆಗಳು ಬೇಕು. ಜಾಣತನಕ್ಕೆ ಇಲ್ಲಿ ಕೆಲಸವಿಲ್ಲ. ಬೇಕಾದದ್ದು ಯಂತ್ರ, ವಿದ್ಯುತ್ತು ಮತ್ತು ಸಹನೆ. ಇದನ್ನೇ ಮೈನಿಂಗ್ ಅನ್ನುತ್ತಾರೆ. ಸರಾಸರಿ ಹತ್ತು ನಿಮಿಷಕ್ಕೊಮ್ಮೆ ಯಾರೋ ಒಬ್ಬರು ಗೆಲ್ಲುವ ಹಾಗೆ, ಪ್ರತಿ 2,016 ಪುಟಗಳಿಗೊಮ್ಮೆ ಪಂದ್ಯದ ಕಷ್ಟವನ್ನು ವ್ಯವಸ್ಥೆಯೇ ಸರಿಹೊಂದಿಸಿಕೊಳ್ಳುತ್ತದೆ. ಗೆದ್ದವರಿಗೆ ಹೊಸ ಬಿಟ್‌ಕಾಯಿನ್ ಬಹುಮಾನ. 2009ರಲ್ಲಿ ಅದು 50 ಇತ್ತು. ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಿಂದ 3.125ಕ್ಕೆ ಇಳಿದಿದೆ. ಒಟ್ಟು 2.1 ಕೋಟಿ ದಾಟುವಂತಿಲ್ಲ.

ಹಳೆಯ ಪುಟ ತಿದ್ದಬೇಕಾದ ಕಳ್ಳ ಆ ಪುಟದಿಂದ ಇಂದಿನವರೆಗಿನ ಎಲ್ಲ ಪಂದ್ಯಗಳನ್ನೂ ಮತ್ತೆ ಆಡಿ, ಉಳಿದ ಜಗತ್ತನ್ನು ಹಿಂದೆ ಹಾಕಬೇಕು. ಅಷ್ಟು ಯಂತ್ರಬಲ ಯಾರೊಬ್ಬರ ಬಳಿಯೂ ಇಲ್ಲದ ಕಾರಣ ಬಿಟ್‌ಕಾಯಿನ್‌ನ ಕಿರ್ದಿ ಹದಿನೈದು ವರ್ಷಕ್ಕೂ ಮೀರಿ ಕೆಡದೆ ಉಳಿದಿದೆ. ವಿಜ್ಞಾನದ ಸಾಧನೆಯಾಗಿ ಇದು ಅದ್ಭುತ ಎಂದು ನಾನು ಮನಸಾರೆ ಒಪ್ಪುತ್ತೇನೆ. ಗೊಂದಲ ಹುಟ್ಟುವುದು, ಲೆಕ್ಕದ ಈ ಭದ್ರತೆಯನ್ನು ಜನ ತಮ್ಮ ಹಣದ ಭದ್ರತೆ ಎಂದು ಭಾವಿಸಿದಾಗ. ಲೆಕ್ಕದ ಪುಸ್ತಕ ಒಂದು, ಅದರಲ್ಲಿ ಬರೆದ ನಾಣ್ಯದ ಬೆಲೆ ಇನ್ನೊಂದು, ಆ ನಾಣ್ಯವನ್ನು ನಮಗೆ ಮಾರುವ ಅಂಗಡಿ ಮತ್ತೊಂದು. ಗಣಿತ ಕಾಯುವುದು ಮೊದಲನೆಯದನ್ನು ಮಾತ್ರ.

ಮೊದಲು ದಿನಬಳಕೆಯ ವಿಷಯ ನೋಡೋಣ. ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಈಗ ಕ್ಯೂಆರ್ ಕೋಡ್ ಇಲ್ಲದ ಅಂಗಡಿ ಹುಡುಕಬೇಕು. ಮೊಳ ಮಲ್ಲಿಗೆಗೆ ದುಡ್ಡು ಕೊಟ್ಟು ಎರಡು ಹೆಜ್ಜೆ ಇಡುವಷ್ಟರಲ್ಲಿ ಅಂಗಡಿಯ ಸೌಂಡ್‌ಬಾಕ್ಸ್ ಹಣ ಬಂತೆಂದು ಕೂಗುತ್ತದೆ. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ 2,000 ಕೋಟಿ ಯುಪಿಐ ವ್ಯವಹಾರಗಳು ನಡೆದವು. ತಿಂಗಳ ಸೆಕೆಂಡುಗಳಿಂದ ಭಾಗಿಸಿದರೆ ಹಗಲು ರಾತ್ರಿ ಸೇರಿ ಸೆಕೆಂಡಿಗೆ ಸುಮಾರು 7,500. ಬಿಟ್‌ಕಾಯಿನ್‌ನ ಮೂಲ ಕಿರ್ದಿಯಲ್ಲಿ ಇಡೀ ಜಗತ್ತಿಗೆ ಸೆಕೆಂಡಿಗೆ ಏಳು ವ್ಯವಹಾರ ಹಿಡಿದರೆ ಹೆಚ್ಚು. ಒಂದು ಪುಟ ತುಂಬಲು ಹತ್ತು ನಿಮಿಷ. ದೊಡ್ಡ ಮೊತ್ತವಾದರೆ ಆರು ಪುಟ ಕಾಯುವುದು ರೂಢಿ, ಅಂದರೆ ಒಂದು ಗಂಟೆ. ಸಂದಣಿ ಇದ್ದ ದಿನ ಶುಲ್ಕವೇ ಹೂವಿನ ಬೆಲೆ ಮೀರಬಹುದು. ಲೈಟ್ನಿಂಗ್‌ನಂಥ ಮೇಲುಸ್ತರದ ಜಾಲಗಳು ಈ ವೇಗದ ತೊಂದರೆಯನ್ನು ಬಹುಮಟ್ಟಿಗೆ ಬಗೆಹರಿಸುತ್ತವೆ. ಆದರೂ ನಮ್ಮ ದೇಶದಲ್ಲಿ ಇನ್ನೊಂದು ಅಡ್ಡಿ ಉಳಿಯುತ್ತದೆ, ಅದು ತೆರಿಗೆ.

2022ರ ಹಣಕಾಸು ಕಾಯ್ದೆ ಬಿಟ್‌ಕಾಯಿನ್ ಮತ್ತದರ ಬಳಗವನ್ನು ಹಣ ಎಂದು ಕರೆಯಲಿಲ್ಲ. 'ವರ್ಚುವಲ್ ಡಿಜಿಟಲ್ ಆಸ್ತಿ' ಎಂದಿತು. ಆಸ್ತಿಯನ್ನು ಕೈಬದಲಾಯಿಸಿದರೆ ಲಾಭಕ್ಕೆ ತೆರಿಗೆ. ನೀವು ಹಿಂದೆ 20 ರೂಪಾಯಿಗೆ ಕೊಂಡ ಬಿಟ್‌ಕಾಯಿನ್ ಚೂರೊಂದು ಇಂದು 30 ರೂಪಾಯಿ ಬಾಳುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ಕೊಟ್ಟು ಮಲ್ಲಿಗೆ ಕೊಂಡರೆ ಕಾನೂನಿನ ಕಣ್ಣಿನಲ್ಲಿ ನೀವು ಆಸ್ತಿ ಮಾರಿ 10 ರೂಪಾಯಿ ಲಾಭ ಮಾಡಿದ್ದೀರಿ. ಸೆಸ್ ಸೇರಿ 3 ರೂಪಾಯಿ 12 ಪೈಸೆ ತೆರಿಗೆ. ಆ ಚೂರನ್ನು ಯಾವ ದಿನ, ಎಷ್ಟಕ್ಕೆ ಕೊಂಡಿರಿ, ಯಾವ ದಿನ ಕೊಟ್ಟಿರಿ ಎಂಬುದು ರಿಟರ್ನ್ಸ್‌ನ ಪಟ್ಟಿಯಲ್ಲಿ ಬರಬೇಕು. ಕಾಫಿಗೊಂದು ಸಾಲು, ಸೊಪ್ಪಿಗೊಂದು ಸಾಲು. ಒಂದೇ ಗ್ರಾಹಕರಿಂದ ಪಡೆದದ್ದು ವರ್ಷಕ್ಕೆ ನಿಗದಿತ ಮಿತಿ ದಾಟಿದರೆ ಅಂಗಡಿಯವರಿಗೆ ಟಿಡಿಎಸ್, ಅಂದರೆ ಮೂಲದಲ್ಲೇ ತೆರಿಗೆ ಕಡಿತದ ಹೊಣೆಯೂ ಬೀಳುತ್ತದೆ. ಖರ್ಚು ಮಾಡಿದಾಗಲೆಲ್ಲ ಲಾಭದ ಲೆಕ್ಕ ಒಪ್ಪಿಸಬೇಕಾದ ವಸ್ತು ಜೇಬಿನ ಹಣವಾಗುವುದು ಹೇಗೆ? ಮೈಸೂರಿನ ಪೇಟೆಗೆ ಕ್ರಿಪ್ಟೋ ಬರದಿರುವುದಕ್ಕೆ ತಂತ್ರಜ್ಞಾನದ ಕುಂದು ಅರ್ಧ ಕಾರಣವಾದರೆ, ಇದು ಇನ್ನರ್ಧ.

ಹಣವಾಗದೆ ಹೋದದ್ದು ಹೂಡಿಕೆಯಾಯಿತು. ಅದರ ದಾರಿಯೂ ನೇರವಾಗಿರಲಿಲ್ಲ. 2018ರ ಏಪ್ರಿಲ್ 6ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಕ್ರಿಪ್ಟೋ ವ್ಯವಹಾರ ಮಾಡುವವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದು ಎಂದಿತು. ಆ ವರ್ಷ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಯೂನೊಕಾಯಿನ್ ಎಂಬ ಕ್ರಿಪ್ಟೋ ಕಂಪನಿ ಎಟಿಎಂ ಮಾದರಿಯ ಯಂತ್ರ ಇಟ್ಟಿತು. ಬ್ಯಾಂಕಿನ ದಾರಿ ಮುಚ್ಚಿದ್ದರಿಂದ ನಗದು ಹಾಕಿ, ನಗದು ತೆಗೆಯುವ ಉಪಾಯ. ಕೆಲವೇ ದಿನಗಳಲ್ಲಿ ಪೊಲೀಸರು ಯಂತ್ರ ಜಪ್ತಿ ಮಾಡಿ ಕಂಪನಿಯ ಸಂಸ್ಥಾಪಕರನ್ನು ಬಂಧಿಸಿದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಆ ಸುತ್ತೋಲೆಯನ್ನೇ ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವಿದೆ, ಆದರೆ ಹಾನಿಯಾದದ್ದನ್ನು ತೋರಿಸದ ಕಾರಣ ತೆಗೆದುಕೊಂಡ ಕ್ರಮ ಅಳತೆ ಮೀರಿತ್ತು ಎಂಬುದು ತೀರ್ಪಿನ ತಿರುಳು. ಆಮೇಲಿನ ಎರಡು ವರ್ಷ ಜಾಹೀರಾತುಗಳ ಸುಗ್ಗಿ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69,000 ಡಾಲರ್ ಮುಟ್ಟಿತ್ತು. ಮುಂದಿನ ನವೆಂಬರ್‌ಗೆ 16,000ಕ್ಕೂ ಕೆಳಗೆ ಬಿತ್ತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಗಣಿತ ಬದಲಾಗಿರಲಿಲ್ಲ, ಪೂರೈಕೆಯ ನಿಯಮವೂ ಬದಲಾಗಿರಲಿಲ್ಲ. ಬದಲಾದದ್ದು ಕೊಳ್ಳುವವರ ಮನಸ್ಸು. ಈ ಆಸ್ತಿಗೆ ಬಾಡಿಗೆ ಬರುವುದಿಲ್ಲ, ಬಡ್ಡಿ ಇಲ್ಲ, ಬೆಳೆ ಇಲ್ಲ. ನಾಳೆ ಹೆಚ್ಚು ಕೊಡುವವರು ಸಿಗುತ್ತಾರೆ ಎಂಬ ನಿರೀಕ್ಷೆ ಬಿಟ್ಟರೆ ಬೆಲೆಗೆ ಬೇರೆ ಆಧಾರ ನನಗೆ ಕಾಣುವುದಿಲ್ಲ.

ತೆರಿಗೆಯ ವಿಷಯವನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. 2022ರ ಏಪ್ರಿಲ್ 1ರಿಂದ ಈ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್. ಒಟ್ಟು ಶೇ 31.2. ಕೊಂಡ ಬೆಲೆ ಬಿಟ್ಟರೆ ಬೇರೆ ಯಾವ ಖರ್ಚನ್ನೂ ಕಳೆಯುವಂತಿಲ್ಲ. ಮನೆಯಲ್ಲಿ ಯಂತ್ರ ಇಟ್ಟು ಮೈನಿಂಗ್ ಮಾಡಿದವರು ವಿದ್ಯುತ್ ಬಿಲ್ಲನ್ನೂ ತೋರಿಸಿ ಕಳೆಯಲಾರರು. ಒಂದು ದಿನ ಇಟ್ಟುಕೊಂಡರೂ ಹತ್ತು ವರ್ಷ ಇಟ್ಟುಕೊಂಡರೂ ದರ ಒಂದೇ.

ನಿಜವಾಗಿ ಕಚ್ಚುವುದು ದರವಲ್ಲ, ನಷ್ಟದ ನಿಯಮ. ಮೈಸೂರಿನ ವಿಜಯನಗರದ ಒಬ್ಬ ಸಂಬಳದಾರರ ಲೆಕ್ಕವನ್ನು ಉದಾಹರಣೆಗೆ ಹಾಕಿ ನೋಡೋಣ. ಅವರು 2 ಲಕ್ಷಕ್ಕೆ ಬಿಟ್‌ಕಾಯಿನ್ ಕೊಂಡು 3 ಲಕ್ಷಕ್ಕೆ ಮಾರಿದರು. ಲಾಭ 1 ಲಕ್ಷ. ಅದೇ ವರ್ಷ ಯಾರೋ ಹೇಳಿದರೆಂದು ಇನ್ನೊಂದು ನಾಣ್ಯಕ್ಕೆ 1.5 ಲಕ್ಷ ಹಾಕಿ, ಬೆಲೆ ಕುಸಿದು 60 ಸಾವಿರಕ್ಕೆ ಮಾರಿದರು. ನಷ್ಟ 90 ಸಾವಿರ. ಮನೆಯ ಲೆಕ್ಕದಲ್ಲಿ ಅವರಿಗೆ ಉಳಿದದ್ದು 10 ಸಾವಿರ. ತೆರಿಗೆಯ ಲೆಕ್ಕದಲ್ಲಿ ನಷ್ಟ ಕಣ್ಣಿಗೇ ಬೀಳುವುದಿಲ್ಲ. ಪೂರ್ತಿ 1 ಲಕ್ಷದ ಮೇಲೆ 31,200 ರೂಪಾಯಿ ಕಟ್ಟಬೇಕು. ಎಲ್ಲ ಮುಗಿದ ಮೇಲೆ ಅವರ ಕೈಯಿಂದ 21,200 ರೂಪಾಯಿ ಹೋಗಿರುತ್ತದೆ. ಇದೇ ಲಾಭ-ನಷ್ಟ ಷೇರಿನಲ್ಲಿ ಆಗಿದ್ದರೆ ಅಲ್ಪಾವಧಿಯ ನಷ್ಟವನ್ನು ಲಾಭದಲ್ಲಿ ಕಳೆದು 10 ಸಾವಿರಕ್ಕೆ ಮಾತ್ರ ತೆರಿಗೆ ಬೀಳುತ್ತಿತ್ತು. ನಷ್ಟವೇ ಹೆಚ್ಚಾಗಿದ್ದರೆ ಅದನ್ನು ಎಂಟು ವರ್ಷ ಮುಂದಕ್ಕೂ ಒಯ್ಯಬಹುದಿತ್ತು. ಸಟ್ಟಾ ವ್ಯವಹಾರವನ್ನು ನಿರುತ್ಸಾಹಗೊಳಿಸುವ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೂ ಲಾಭದಲ್ಲಿ ಪಾಲು ಕೇಳಿ ನಷ್ಟಕ್ಕೆ ಮುಖ ತಿರುಗಿಸುವ ತೆರಿಗೆ ನ್ಯಾಯವೆನಿಸುವುದಿಲ್ಲ. ಅದರ ಭಾರ ಬೀಳುವುದು ದೊಡ್ಡ ಕುಳಗಳಿಗಿಂತ ಹೆಚ್ಚಾಗಿ, ನಾಲ್ಕು ನಾಣ್ಯಗಳಲ್ಲಿ ಚೂರುಪಾರು ಹಾಕಿದ ಸಣ್ಣವರ ಮೇಲೆ.

ಓದುವ ಹುಡುಗರಿಗೆ ಇನ್ನೊಂದು ಮಾತು. ಮೈಸೂರಿನ ಹೆಬ್ಬಾಳದ ತರಬೇತಿ ಕ್ಯಾಂಪಸ್‌ಗಳಲ್ಲಿ, ಮಾನಸಗಂಗೋತ್ರಿಯ ಹಾಸ್ಟೆಲುಗಳಲ್ಲಿ ಇರುವ ವಯಸ್ಸಿನವರು, ತಮಗೆ ಆದಾಯವೇ ಇಲ್ಲ, ತೆರಿಗೆ ಎಲ್ಲಿಯದು ಎಂದುಕೊಳ್ಳುವುದು ಸಹಜ. ಆದರೆ ಸಂಬಳಕ್ಕಿರುವ ಮೂಲ ವಿನಾಯಿತಿ ಮಿತಿಯ ರಕ್ಷಣೆ ಈ ಲಾಭಕ್ಕೆ ಸಿಗುವುದಿಲ್ಲ. ಬೇರೆ ಒಂದು ಪೈಸೆ ಆದಾಯವಿಲ್ಲದ ವಿದ್ಯಾರ್ಥಿಗೂ 10 ಸಾವಿರದ ಲಾಭಕ್ಕೆ 3,120 ರೂಪಾಯಿ ತೆರಿಗೆ ಇದೆ. ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆದರೂ ಅದು ಮಾರಾಟವೇ. ರೂಪಾಯಿ ಕೈಗೆ ಬಂದಿಲ್ಲ ಎಂಬ ನೆಪ ನಡೆಯುವುದಿಲ್ಲ. ಬಂಧುಗಳಲ್ಲದವರು 50 ಸಾವಿರ ಮೀರಿದ ಬೆಲೆಯ ಕ್ರಿಪ್ಟೋ ಉಡುಗೊರೆ ಕೊಟ್ಟರೆ ಪಡೆದವರೇ ತೆರಿಗೆ ಕಟ್ಟಬೇಕು.

2022ರ ಜುಲೈ 1ರಿಂದ ಶೇ 1ರ ಟಿಡಿಎಸ್ ಬಂತು. ಇದು ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ಮೇಲಿನ ಉದಾಹರಣೆಯಲ್ಲಿ 3 ಲಕ್ಷಕ್ಕೆ ಮಾರಿದಾಗಲೇ 3,000 ರೂಪಾಯಿ ಕಡಿತವಾಗಿ, ವರ್ಷದ ಕೊನೆಗೆ ಕಟ್ಟುವ ತೆರಿಗೆಯಲ್ಲಿ ಅದು ಜಮೆಯಾಗುತ್ತದೆ. ಒಂದೆರಡು ಸಲ ಮಾರುವವರಿಗೆ ಇದು ಗೊತ್ತೂ ಆಗುವುದಿಲ್ಲ. ದಿನಾ ಕೊಂಡು ಮಾರುವವರ ಕಥೆ ಬೇರೆ. 1 ಲಕ್ಷ ಬಂಡವಾಳವನ್ನು ಲಾಭ ನಷ್ಟ ಎರಡೂ ಇಲ್ಲದೆ ಐವತ್ತು ಸಲ ತಿರುಗಿಸಿದರೆ, ಪ್ರತಿ ಸಲ ನೂರರಲ್ಲಿ ತೊಂಬತ್ತೊಂಬತ್ತು ಉಳಿಯುತ್ತ, ಕೊನೆಗೆ ಕೈಯಲ್ಲಿರುವುದು ಸುಮಾರು 60,500. ಉಳಿದ 39,500 ಸರ್ಕಾರದ ಬಳಿ ಜಮೆ. ರಿಟರ್ನ್ಸ್ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ. ಸಲ್ಲಿಸದಿದ್ದವರ ಹಣ ಅಲ್ಲೇ ಉಳಿಯುತ್ತದೆ. ಸರ್ಕಾರಕ್ಕೆ ಈ ಶೇ 1 ಆದಾಯಕ್ಕಿಂತ ಹೆಚ್ಚಾಗಿ ಹೆಜ್ಜೆಗುರುತು: ಯಾವ ಪ್ಯಾನ್ ಸಂಖ್ಯೆಯವರು ಎಷ್ಟು ಮಾರಿದರು ಎಂಬುದು ತಾನಾಗಿ ಇಲಾಖೆಯ ಕಡತಕ್ಕೆ ಸೇರುತ್ತದೆ. 2023ರ ಮಾರ್ಚ್‌ನಿಂದ ಕ್ರಿಪ್ಟೋ ಕೊಂಡು ಮಾರಲು ಅನುವು ಮಾಡುವ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೂ ಬಂದಿವೆ. 2025ರ ಹಣಕಾಸು ಕಾಯ್ದೆಯ ಪ್ರಕಾರ 2026ರ ಏಪ್ರಿಲ್‌ನಿಂದ ಅವು ವ್ಯವಹಾರಗಳ ವಿವರವನ್ನು ಇಲಾಖೆಗೆ ನೇರವಾಗಿ ವರದಿ ಮಾಡಬೇಕು. ಗುಟ್ಟಾಗಿ ಇಟ್ಟುಕೊಳ್ಳಬಹುದು ಎಂಬ ನಂಬಿಕೆಯಿಂದ ಕ್ರಿಪ್ಟೋಗೆ ಇಳಿದವರು ಇನ್ನಾದರೂ ಆ ನಂಬಿಕೆ ಬಿಡಬೇಕು. ನಿಮ್ಮ ಆಡಿಟರ್ ಬಳಿ ಹೋಗುವಾಗ ಎಕ್ಸ್‌ಚೇಂಜ್‌ನಿಂದ ವರ್ಷದ ಪೂರ್ತಿ ವ್ಯವಹಾರ ಪಟ್ಟಿ ಇಳಿಸಿಕೊಂಡು ಹೋಗಿ. ಬ್ಯಾಂಕಿನ ಪಾಸ್‌ಬುಕ್ ಒಂದರಿಂದ ಈ ಲೆಕ್ಕ ಮಾಡಲು ಯಾರಿಗೂ ಆಗದು.

ಇನ್ನು ನಾಣ್ಯ ಮಾರುವ ಅಂಗಡಿಯ, ಅಂದರೆ ಎಕ್ಸ್‌ಚೇಂಜ್‌ನ ವಿಷಯ. ಬಿಟ್‌ಕಾಯಿನ್‌ನಲ್ಲಿ ನಿಮ್ಮ ಒಡೆತನ ಎಂದರೆ ಒಂದು ಗುಪ್ತ ಸಂಖ್ಯೆ, ಖಾಸಗಿ ಕೀಲಿ. ಅದರಿಂದ ಹಾಕಿದ ಸಹಿ ಇದ್ದರೆ ಮಾತ್ರ ಕಿರ್ದಿಯಲ್ಲಿ ನಿಮ್ಮ ನಾಣ್ಯ ಜರುಗುತ್ತದೆ. ಸಹಿ ಸರಿಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಸಹಿಯಿಂದ ಕೀಲಿಯನ್ನು ಕಂಡುಹಿಡಿಯಲು ಆಗದು. ಆದರೆ ಎಕ್ಸ್‌ಚೇಂಜ್‌ನಲ್ಲಿ ಖಾತೆ ತೆರೆದು ಕೊಂಡಾಗ ಆ ಕೀಲಿ ನಿಮಗೆ ಸಿಗುವುದಿಲ್ಲ, ಕಂಪನಿಯ ಬಳಿ ಇರುತ್ತದೆ. ಆ್ಯಪ್‌ನಲ್ಲಿ ಕಾಣುವ ಸಂಖ್ಯೆ ಕಂಪನಿ ನಿಮಗೆ ಕೊಡಬೇಕಾದ ಬಾಕಿ. ಬ್ಯಾಂಕಿನಲ್ಲೂ ಹೀಗೆಯೇ ಅಲ್ಲವೇ ಎಂದು ಕೇಳಬಹುದು. ಹೌದು, ಆದರೆ ಬ್ಯಾಂಕ್ ಮುಳುಗಿದರೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಇಲ್ಲಿ ಅದಿಲ್ಲ.

2024ರ ಜುಲೈ 18ರಂದು ವಜೀರ್‌ಎಕ್ಸ್ ಎಕ್ಸ್‌ಚೇಂಜ್‌ನಿಂದ 23 ಕೋಟಿ ಡಾಲರ್‌ಗೂ ಹೆಚ್ಚು ಮೌಲ್ಯದ ಕ್ರಿಪ್ಟೋ ಕಳವಾಯಿತು. ಕಳವಾದದ್ದು ಒಬ್ಬರ ಕೀಲಿಯಿಂದ ತೆರೆಯದಂತೆ ಹಲವರ ಸಹಿ ಬೇಕಾಗುವ ವಾಲೆಟ್‌ನಿಂದ, ಅಂದರೆ ಕೀಲಿಗಳ ಡಿಜಿಟಲ್ ಪೆಟ್ಟಿಗೆಯಿಂದ. ಪರದೆಯ ಮೇಲೆ ಕಂಡ ವ್ಯವಹಾರ ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ ಎಂದು ಕಂಪನಿ ಹೇಳಿತು. ಅಂದರೆ ಗಣಿತದ ಸಹಿಗಳೆಲ್ಲ ಅಸಲಿಯೇ. ಕಣ್ಣನ್ನು ಮೋಸ ಮಾಡಲಾಗಿತ್ತು. ಅಮೆರಿಕ, ಜಪಾನ್, ದಕ್ಷಿಣ ಕೊರಿಯಾಗಳು ಇದರ ಹಿಂದೆ ಉತ್ತರ ಕೊರಿಯಾದ ಕೈವಾಡವಿದೆ ಎಂದು ಜಂಟಿ ಹೇಳಿಕೆ ಕೊಟ್ಟವು. ದೇಶದ ಲಕ್ಷಾಂತರ ಖಾತೆದಾರರ ಹಣ ಒಂದು ವರ್ಷಕ್ಕೂ ಮೀರಿ ಸಿಕ್ಕಿಬಿದ್ದು, ಪರಿಹಾರದ ಯೋಜನೆ ಸಿಂಗಪುರದ ನ್ಯಾಯಾಲಯದ ಮೂಲಕ ಬರಬೇಕಾಯಿತು. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಇನ್ನೊಂದು ಎಕ್ಸ್‌ಚೇಂಜ್ ಕಂಪನಿಯಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅದು ಗ್ರಾಹಕರ ಹಣವಲ್ಲ, ನಷ್ಟವನ್ನು ತಾನೇ ಭರಿಸುತ್ತೇನೆ ಎಂದು ಕಂಪನಿ ಪ್ರಕಟಿಸಿತು. ಬೆಂಗಳೂರು ಪೊಲೀಸರ ತನಿಖೆ ಹೋಗಿ ನಿಂತದ್ದು ಒಬ್ಬ ಸಿಬ್ಬಂದಿಯ ಲ್ಯಾಪ್‌ಟಾಪ್ ಬಳಿ.

ಕೀಲಿಯ ಮಹಿಮೆ ಕರ್ನಾಟಕ ಪೊಲೀಸರಿಗೂ ಕಷ್ಟಪಟ್ಟು ಅರ್ಥವಾಯಿತು. 2020ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಒಬ್ಬ ಹ್ಯಾಕರ್‌ನ ಬಂಧನವಾಗಿ, ಆಮೇಲೆ ಅದು ಬಿಟ್‌ಕಾಯಿನ್ ಹಗರಣ ಎಂದೇ ವಿಧಾನಸೌಧದವರೆಗೆ ಸದ್ದು ಮಾಡಿತು. 2021ರ ಜನವರಿಯಲ್ಲಿ ಅವನಿಂದ 31 ಬಿಟ್‌ಕಾಯಿನ್ ವಶಪಡಿಸಿಕೊಂಡಿದ್ದೇವೆ ಎಂದು ಪೊಲೀಸರು ಘೋಷಿಸಿದರು. ಅವು ನಿಜವಾಗಿ ಪೊಲೀಸರ ಕೈಸೇರಿರಲಿಲ್ಲ ಎಂಬುದು ನಂತರ ಹೊರಬಂತು. ವಾಲೆಟ್ ಒಂದನ್ನು ಪರದೆಯ ಮೇಲೆ ನೋಡುವುದಕ್ಕೂ ಅದರ ಕೀಲಿ ಹೊಂದಿರುವುದಕ್ಕೂ ಇರುವ ಅಂತರ ಅದು. ಚಿನ್ನವನ್ನು, ನೋಟಿನ ಕಂತೆಯನ್ನು ಪಂಚನಾಮೆ ಮಾಡಿ ಪೆಟ್ಟಿಗೆಗೆ ಹಾಕಿ ಮೊಹರು ಒತ್ತಬಹುದು. ಬಿಟ್‌ಕಾಯಿನ್ ಜಪ್ತಿ ಮಾಡುವುದೆಂದರೆ ಅದನ್ನು ಆರೋಪಿಯ ಕೀಲಿಯಿಂದ ಇಲಾಖೆಯ ಕೀಲಿಗೆ ವರ್ಗಾಯಿಸುವುದು, ಅಷ್ಟೇ. ಬೇರೆ ದಾರಿ ಇಲ್ಲ.

ಮೈಸೂರಿನ ಸಾಮಾನ್ಯರಿಗೆ ಇವೆಲ್ಲಕ್ಕಿಂತ ಹತ್ತಿರದ ಅಪಾಯ ಇನ್ನೊಂದಿದೆ. ಸೈಬರ್ ಠಾಣೆಗೆ ಬರುವ ಎಷ್ಟೋ ದೂರುಗಳು ಹೂಡಿಕೆಯ ಹೆಸರಿನವು. ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಆ್ಯಪ್ ಒಂದನ್ನು ಹಾಕಿಸುತ್ತಾರೆ. ಅದರಲ್ಲಿ ದಿನದಿನಕ್ಕೆ ಲಾಭ ಏರುತ್ತದೆ. ಮೊದಲ ಸಲ ಸಣ್ಣ ಮೊತ್ತ ವಾಪಸ್ ಕೊಟ್ಟು ನಂಬಿಕೆ ಗಳಿಸುತ್ತಾರೆ. ದೊಡ್ಡ ಮೊತ್ತ ತೆಗೆಯಲು ಹೋದಾಗ 'ಮೊದಲು ಶೇ 30 ತೆರಿಗೆ ಕಟ್ಟಿ' ಎನ್ನುತ್ತಾರೆ. ತೆರಿಗೆಯ ನಿಜವಾದ ನಿಯಮ ತಿಳಿದಿದ್ದರೆ ಈ ಮಾತಿನಲ್ಲೇ ಮೋಸ ಸಿಕ್ಕಿಬೀಳುತ್ತದೆ. ಲಾಭದ ಮೇಲಿನ ತೆರಿಗೆಯನ್ನು ಯಾವ ಎಕ್ಸ್‌ಚೇಂಜ್ ಕೂಡ ಮುಂಗಡವಾಗಿ ಕಟ್ಟಿಸಿಕೊಳ್ಳುವುದಿಲ್ಲ. ನೀವೇ ಆದಾಯ ತೆರಿಗೆ ಇಲಾಖೆಗೆ ಕಟ್ಟುವುದು ಅದು. ಆ ಆ್ಯಪ್‌ನಲ್ಲಿ ಕಿರ್ದಿಯೂ ಇರುವುದಿಲ್ಲ, ನಾಣ್ಯವೂ ಇರುವುದಿಲ್ಲ, ಬರೀ ಪರದೆ. ಹಣ ಹೋಯಿತೆಂದು ಗೊತ್ತಾದ ಕ್ಷಣವೇ 1930ಕ್ಕೆ ಫೋನ್ ಮಾಡಬೇಕು. ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೂ ಹಣ ಬೇರೆಯವರ ಹೆಸರಿನ ಬಾಡಿಗೆ ಖಾತೆಗಳನ್ನು ದಾಟಿ ಎಲ್ಲೋ ಹೋಗಿಬಿಡುತ್ತದೆ. ಹೀಗೆ ಕದ್ದ ಹಣವನ್ನೇ ಕೆಲವರು ಅಪರಿಚಿತರಿಂದ ಕ್ರಿಪ್ಟೋ ಕೊಳ್ಳಲು ಬಳಸುತ್ತಾರೆ. ನೇರವಾಗಿ ವ್ಯಕ್ತಿಯಿಂದ ವ್ಯಕ್ತಿಗೆ ಮಾರಿದ ಅಮಾಯಕರ ಬ್ಯಾಂಕ್ ಖಾತೆ ಸ್ತಂಭನವಾಗುವುದು ಆ ಕಾರಣಕ್ಕೆ. ಸಂಬಳ ಬರುವ ಖಾತೆಯನ್ನು ಇಂಥ ವ್ಯವಹಾರಕ್ಕೆ ಕೊಡಲೇಬಾರದು.

ಅಂಗಡಿಯನ್ನು ನಂಬದವರು ಕೀಲಿಯನ್ನು ತಾವೇ ಇಟ್ಟುಕೊಳ್ಳಬಹುದು. ಹಾಗೆ ಇಟ್ಟುಕೊಳ್ಳುವ ವಾಲೆಟ್‌ಗಳು ಕೀಲಿಯನ್ನು ಹನ್ನೆರಡು ಅಥವಾ ಇಪ್ಪತ್ನಾಲ್ಕು ಇಂಗ್ಲಿಷ್ ಪದಗಳಾಗಿ ಕೊಡುತ್ತವೆ. 2,048 ಪದಗಳ ಗೊತ್ತುಪಡಿಸಿದ ಪಟ್ಟಿಯಿಂದ ಆರಿಸಿದ ಪದಗಳು ಅವು. ಪಟ್ಟಿ ಎಲ್ಲರಿಗೂ ಗೊತ್ತಿದ್ದರೂ ಹನ್ನೆರಡರ ಸರಣಿಯನ್ನು ಊಹಿಸಿ ಹಿಡಿಯಲು ಜಗತ್ತಿನ ಕಂಪ್ಯೂಟರುಗಳೆಲ್ಲ ಸೇರಿದರೂ ಆಗದು. ಕಳ್ಳನಿಗಿರುವ ಈ ಅಸಾಧ್ಯತೆ ಮನೆಯವರಿಗೂ ಅಷ್ಟೇ ಎಂಬುದನ್ನು ಜನ ಮರೆಯುತ್ತಾರೆ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರೆ. 2025ರ ನವೆಂಬರ್‌ನಿಂದ ನಾಲ್ವರವರೆಗೂ ಹೆಸರಿಸಬಹುದು. ವಾರಸುದಾರರು ಕೇಳದೆ ಹತ್ತು ವರ್ಷ ಉಳಿದ ಠೇವಣಿಯೂ ರಿಸರ್ವ್ ಬ್ಯಾಂಕಿನ ನಿಧಿಯಲ್ಲಿ ಭದ್ರವಾಗಿರುತ್ತದೆ, ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ ಬ್ಯಾಂಕಿನಿಂದ ಪಡೆಯಬಹುದು. ಖಾಸಗಿ ಕೀಲಿಗೆ ನಾಮಿನಿ ಕಾಲಂ ಇಲ್ಲ, ಮರಣ ಪ್ರಮಾಣಪತ್ರ ಒಯ್ದು ಅರ್ಜಿ ಕೊಡಲು ಶಾಖೆಯೂ ಇಲ್ಲ.

ಹಾಗಾಗಿ ಇಟ್ಟುಕೊಳ್ಳುವವರು ಆ ಪದಗಳನ್ನು ಕ್ರಮ ತಪ್ಪದೆ ಕಾಗದದ ಮೇಲೆ ಕೈಯಲ್ಲೇ ಬರೆಯಬೇಕು. ಫೋಟೊ ತೆಗೆಯಬಾರದು, ಯಾರಿಗೂ ಮೆಸೇಜ್ ಮಾಡಬಾರದು. ಎರಡು ಪ್ರತಿ ಮಾಡಿ ಎರಡು ಬೇರೆ ಜಾಗಗಳಲ್ಲಿಡಬೇಕು. ಒಂದು ಬ್ಯಾಂಕ್ ಲಾಕರ್ ಆದರೂ ಆದೀತು. ಯಾವ ನಾಣ್ಯ, ಯಾವ ದಿನ, ಎಷ್ಟಕ್ಕೆ ಕೊಂಡದ್ದು ಎಂಬ ಪಟ್ಟಿ ಅದರ ಜೊತೆಗಿರಲಿ. ಕೊಂಡ ಬೆಲೆಗೆ ದಾಖಲೆ ಇಲ್ಲದಿದ್ದರೆ ಮಾರಿದ ಪೂರ್ತಿ ಮೊತ್ತವನ್ನೇ ಲಾಭವೆಂದು ಹಿಡಿಯುವ ಅಪಾಯವಿದೆ. ಆ ಕಾಗದ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು.